ಕುವೈತಿನ ದಾರಿ ಕಾಯ್ದ ಮಳೆಗಾಲ

ಜೆಪ್ಪು, ಬಲ್ಮಠ, ಕುದ್ರೋಳಿ, ಮಲ್ಪೆ ಕಡೆಯ ಬಾಸೆಲ್ ಮಿಷನ್ ಮನೆಗಳಲ್ಲಿ ಬೆಳೆದ ನನ್ನ ಓರಗೆಯವರನ್ನು 1990ರ ಬಗ್ಗೆ ಕೇಳಿ ನೋಡಿ. ದೇಶವೆಲ್ಲ ಮಂಡಲ್ ವರದಿಯ ಗಲಾಟೆಯಲ್ಲಿದ್ದ ವರ್ಷ ಅದು. ನಮಗೆ ಮಾತ್ರ ಮೊದಲು ನೆನಪಾಗುವುದು ಕುವೈತ್. ಆಗಸ್ಟ್ 2ರ ಗುರುವಾರ ಬೆಳಗಿನ ಜಾವ ಇರಾಕಿನ ಸೇನೆ ಕುವೈತಿನೊಳಗೆ ನುಗ್ಗಿತು. ಅಮೀರರು ಸೌದಿಗೆ ಪಾರಾದರು, ಟೆಲಿಫೋನು ಕಡಿದುಹೋಯಿತು, ವಿಮಾನ ನಿಂತಿತು. ಆಗ ಅಲ್ಲಿ ಸುಮಾರು 1,70,000 ಭಾರತೀಯರಿದ್ದರು. ಅವರಲ್ಲಿ ಕೇರಳದವರು ಬಹಳ. ದಕ್ಷಿಣ ಕನ್ನಡದವರೂ ಕಡಿಮೆಯಿರಲಿಲ್ಲ. ನಮ್ಮ ಕಂಪೌಂಡಿನಲ್ಲಂತೂ ಮನೆ ಬಿಟ್ಟು ಮನೆಗೆ ಒಬ್ಬ ಮಗನೋ ಅಳಿಯನೋ ಕುವೈತಿನಲ್ಲಿದ್ದ.

ನಮ್ಮ ಮನೆಯಿಂದ ಹೋದವರು ನನ್ನ ಸೋದರಮಾವ. ಅಲ್ಲಿ ಲಾರಿಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅತ್ತೆ ಮತ್ತು ಮಕ್ಕಳು ಮಂಗಳೂರಿನಲ್ಲಿ ನಮ್ಮ ಜೊತೆಗೇ ಇದ್ದರು. ನಾನು ಆಗ ಹೈಸ್ಕೂಲು. ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಏನು ನಡೆಯಿತು, ನಮ್ಮ ಸಭೆಯವರು ಹೇಗೆ ದಿನ ದೂಡಿದರು ಎಂಬುದನ್ನು ಬರೆಯಬೇಕು ಅಂತ ಬಹಳ ಕಾಲದಿಂದ ಮನಸ್ಸಿನಲ್ಲಿತ್ತು. ದೇವರನ್ನು ನಂಬುವುದು ಅಂದರೆ ಎಂತದು ಎಂದು ನಾನು ಕಲಿತದ್ದು ಭಾನುವಾರ ಶಾಲೆಯಲ್ಲಿ ಸ್ವಲ್ಪ, ಆ ಮೂರು ತಿಂಗಳಲ್ಲಿ ಬಹಳ.

ಮೊದಲು ಒಂದು ಮಾತು. ನಮ್ಮವರು ಕೊಲ್ಲಿಗೆ ಹೋದದ್ದು ಬರೀ ಬಂಗಾರದ ಆಸೆಗೆ ಅಂತ ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಮ್ಮದು ಹಂಚಿನ ಕಾರ್ಖಾನೆಯನ್ನು ನಂಬಿ ಬದುಕಿದ ಸಮುದಾಯ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದ ಮೇಲೆ ಯಾರು ಕ್ರೈಸ್ತರಾದರೋ ಅವರಲ್ಲಿ ಬಹುಪಾಲು ಜನರಿಗೆ ಹಿಂದಿನ ಮನೆ, ಹಿಂದಿನ ಕಸುಬು, ಗೇಣಿಯ ಗದ್ದೆ ಎಲ್ಲ ಕೈತಪ್ಪಿತು. ಅವರ ಹೊಟ್ಟೆಪಾಡಿಗೆಂದು ಮಿಷನ್ನಿನವರು ನೇಯ್ಗೆ ಶುರುಮಾಡಿದರು, ಛಾಪಖಾನೆ ಇಟ್ಟರು, 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಜ್ಜ ಅಲ್ಲಿ ಭಟ್ಟಿಯ ಕೆಲಸಕ್ಕಿದ್ದರು. ಅಜ್ಜನ ಅಪ್ಪನೂ ಅಲ್ಲೇ. ಆಮೇಲೆ ಊರಿಗೆ ಊರೇ ಮನೆಯ ಮಾಡಿಗೆ ಕಾಂಕ್ರೀಟು ಸುರಿಯತೊಡಗಿತು, ಹಂಚಿಗೆ ಗಿರಾಕಿ ಕಡಿಮೆಯಾದರು. ಮಾವನ ಕಾಲಕ್ಕೆ ಅಲ್ಲಿ ಕೆಲಸ ಸಿಗುವ ಭರವಸೆಯೇ ಉಳಿದಿರಲಿಲ್ಲ. ಹಾಗಾಗಿ ಬೊಂಬಾಯಿ, ಅಲ್ಲಿಂದ ಕುವೈತ್.

ಆಗಸ್ಟ್ 2ರ ನಂತರದ ಆ ವಾರ ಮನೆಯಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ಅಪ್ಪ ಬೆಳಿಗ್ಗೆ ಉದಯವಾಣಿ, ರಾತ್ರಿ ದೂರದರ್ಶನದ ವಾರ್ತೆ, ಅದೂ ಮುಗಿದ ಮೇಲೆ ಪಕ್ಕದ ಮನೆಯವರ ರೇಡಿಯೋದಲ್ಲಿ ಬಿಬಿಸಿ. ಕರೆಂಟು ಹೋದರೆ ಟೀವಿ ಇಲ್ಲ. ಮಂಗಳೂರಿನ ಮಳೆಗಾಲದಲ್ಲಿ ಕರೆಂಟು ಹೋಗದ ದಿನ ಯಾವುದು? ಅತ್ತೆ ಅಳುತ್ತಿರಲಿಲ್ಲ. ಕೆಲಸ ಮಾಡುತ್ತಲೇ ಇರುತ್ತಿದ್ದರು. ತೊಳೆದ ಪಾತ್ರೆಯನ್ನೇ ಪುನಃ ತೊಳೆಯುತ್ತಿದ್ದರು. ಮಾವನ ಕೊನೆಯ ಕಾಗದ ಜುಲೈಯಲ್ಲಿ ಬಂದದ್ದು. ಮಕ್ಕಳ ಶಾಲೆ ಫೀಸು, ಮಾಡಿನ ರಿಪೇರಿ, ಕ್ರಿಸ್ಮಸ್ಸಿಗೆ ರಜೆ ಸಿಗುತ್ತದೋ ಇಲ್ಲವೋ ಎಂಬ ಸಂಗತಿಗಳೇ ಅದರ ತುಂಬ.

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭಾಪಾಲಕರಾದ ಅಯ್ಯನವರು ಹೊರಗೆ ಜಗಲಿಯಲ್ಲಿ ನಿಂತು, ಇನ್ನು ಮೇಲೆ ದಿನಾ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನೆ ಕೂಟ ಇಡುವ ಅಂದರು. ಎಷ್ಟು ದಿನ ಅಂತ ಯಾರೂ ಕೇಳಲಿಲ್ಲ. ಆ ಸಂಜೆಯೇ ಶುರುವಾಯಿತು.

ನಿಮ್ಮಲ್ಲಿ ಕೆಲವರಿಗಾದರೂ ಆ ಕೂಟಗಳು ನೆನಪಿರಬೇಕು. ಸಂಜೆ ಏಳಕ್ಕೆ ಕೊಡೆ ಹಿಡಿದು ಸಾಲಾಗಿ ಹೊರಟರೆ ಮುಂದೆ ಒಬ್ಬರ ಕೈಯಲ್ಲಿ ಟಾರ್ಚು. ಮನೆಯ ಜಗಲಿಯಲ್ಲಿ ಕೊಡೆಗಳನ್ನೆಲ್ಲ ಬಿಡಿಸಿ ಇಟ್ಟರೆ ಒಳಗೆ ಹೋಗುವುದಕ್ಕೆ ದಾರಿಯಿರುತ್ತಿರಲಿಲ್ಲ. ನೆಲಕ್ಕೆ ಚಾಪೆ, ಪ್ರಾಯದವರಿಗೆ ಬೆಂಚು, ಗೋಡೆಯ ಮೊಳೆಗೆ ತೂಗುಹಾಕಿದ ಲಾಟೀನು. ಒದ್ದೆ ಬಟ್ಟೆಯ ವಾಸನೆ, ಸೀಮೆಎಣ್ಣೆಯ ವಾಸನೆ, ಒಳಗಿಂದ ಹಲಸಿನ ಹಪ್ಪಳ ಕಾಯಿಸುವ ವಾಸನೆ. ಹಾರ್ಮೋನಿಯಂ ಇಲ್ಲದ ಮನೆಯಲ್ಲಿ ಶ್ರುತಿ ಹಿಡಿಯುವುದು ಭಟ್ಟಿಯ ಕೆಲಸದಿಂದ ನಿವೃತ್ತರಾಗಿದ್ದ ಒಬ್ಬ ಅಜ್ಜ. ಅವರು ಗಂಟಲು ಸರಿಮಾಡಿಕೊಂಡು ಒಂದು ಸ್ವರ ಗುನುಗಿದರೆ ಸಾಕು, ಹೆಂಗಸರು ಸೊಪ್ರಾನೊ ಆಲ್ಟೊಗಳಿಗೆ, ಗಂಡಸರು ಟೆನರ್ ಬಾಸ್‌ಗಳಿಗೆ ತಾವಾಗಿಯೇ ಬೇರೆಯಾಗುತ್ತಿದ್ದರು. ಹಂಚು ಹೊತ್ತು ಹೊತ್ತು ಹೆಗಲು ಬಗ್ಗಿದವರು, ಬೀಡಿ ಕಟ್ಟುವವರು, ಶಾಲೆಯ ಟೀಚರುಗಳು, ಎಲ್ಲರಿಗೂ ಅವರವರ ಭಾಗ ಬಾಯಿಗೆ ಬರುತ್ತಿತ್ತು. ಹಾಡು ಕನ್ನಡದ್ದು, ರಾಗ ಜರ್ಮನಿಯದು. ಹೊರಗೆ ಹಂಚಿನ ಮೇಲೆ ಮಳೆ ಹುಯ್ಯುವಾಗ ಆ ನಾಲ್ಕು ದನಿಯ ಹಾಡು ಕೇಳಿದವರಿಗೇ ಗೊತ್ತು ಅದರ ಬಲ.

ಆ ರಾಗಗಳಲ್ಲಿ ಒಂದರ ಕಥೆಯನ್ನು ಅಯ್ಯನವರು ಒಂದು ಸಂಜೆ ಹೇಳಿದ್ದರು. ಹೊಸ ವರ್ಷಕ್ಕೂ ಬೆಳೆ ಹಬ್ಬಕ್ಕೂ ನಾವು ಹಾಡುವ ಸ್ತೋತ್ರದ ರಾಗ. ಅದರ ಮೂಲ ಜರ್ಮನ್ ಗೀತೆಯನ್ನು ಬರೆದವರು ಐಲೆನ್‌ಬುರ್ಗ್ ಎಂಬ ಊರಿನ ಪಾದ್ರಿ ಮಾರ್ಟಿನ್ ರಿಂಕಾರ್ಟ್. ಮೂವತ್ತು ವರ್ಷಗಳ ಯುದ್ಧದ ಕಾಲ. 1637ರಲ್ಲಿ ಆ ಊರಿಗೆ ಪ್ಲೇಗು ಬಡಿದು ಸಾವಿರಾರು ಜನ ಸತ್ತರು. ಒಂದೊಂದು ದಿನ ಹತ್ತಾರು ಹೆಣಗಳನ್ನು ಮಣ್ಣುಮಾಡಿದ ಆ ಪಾದ್ರಿ ಅದೇ ವರ್ಷ ತನ್ನ ಹೆಂಡತಿಯನ್ನೂ ಮಣ್ಣುಮಾಡಿದ. ಇಂಥ ಮನುಷ್ಯ ಬರೆದದ್ದು ಕೃತಜ್ಞತೆಯ ಹಾಡು. ಅಯ್ಯನವರು ಇಷ್ಟು ಹೇಳಿ ವ್ಯಾಖ್ಯಾನ ಮಾಡಲಿಲ್ಲ, ಹಾಡುವ ಅಂದರು. ಹಾಡಿದೆವು. ಆ ರಾಗ ಈಗ ಕೇಳಿದರೂ ನನಗೆ ಲಾಟೀನಿನ ವಾಸನೆ ಬರುತ್ತದೆ.

ಭಾನುವಾರ ಶಾಲೆಯ ಟೀಚರಮ್ಮನ ನೋಟ್ ಬುಕ್ಕಿನ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. ಇನ್ನೂರು ಪುಟದ, ಗೆರೆ ಹಾಕಿದ, ನೀಲಿ ರಟ್ಟಿನ ಮಾಮೂಲಿ ಪುಸ್ತಕ. ಮೊದಲ ಸಂಜೆ ಅವರು ನಮ್ಮ ಕಂಪೌಂಡಿನಿಂದ ಕುವೈತಿಗೆ ಹೋದವರ ಹೆಸರು ಬರೆದರು. ಹೆಸರು, ಮನೆ, ಕೊನೆಯ ಕಾಗದದ ತಾರೀಕು. ಎರಡನೆಯ ಸಂಜೆ ಯಾರೋ ರಸ್ತೆಯಾಚೆಯ ಕೊಂಕಣಿ ಮನೆಯವರ ಮಗನ ಹೆಸರು ಹೇಳಿದರು. ಅದೂ ಸೇರಿತು. ಆಮೇಲೆ ಮೀನು ಮಾರ್ಕೆಟಿನ ಹತ್ತಿರದ ಬ್ಯಾರಿ ಮನೆಯ ಅಣ್ಣತಮ್ಮಂದಿರು. ಆಮೇಲೆ ನಮ್ಮ ಕ್ಷೌರಿಕರ ತಮ್ಮ. ಪಟ್ಟಿ ಬೆಳೆಯಿತು. ದಿನಾ ಸಂಜೆ ಪ್ರಾರ್ಥನೆಗೆ ಮುಂಚೆ ಟೀಚರಮ್ಮ ಕನ್ನಡಕ ಏರಿಸಿಕೊಂಡು ಹಾಜರಿ ಕರೆದ ಹಾಗೆ ಒಂದೊಂದೇ ಹೆಸರು ಓದುತ್ತಿದ್ದರು. ಯಾರದಾದರೂ ಸುದ್ದಿ ಬಂದಿದ್ದರೆ ಮನೆಯವರು ಹೇಳಬೇಕು, ಅವರು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ. ಬಹಳ ದಿನ ಯಾರೂ ಏನೂ ಹೇಳಲಿಲ್ಲ. ಅಷ್ಟೂ ಹೆಸರು ಓದಿ ಮುಗಿಯುವವರೆಗೆ ಮಳೆಯ ಸದ್ದು ಮಾತ್ರ.

ಬ್ಯಾರಿ ಮನೆಯ ತಾಯಿಗೆ ತನ್ನ ಮಕ್ಕಳ ಹೆಸರೂ ಅದರಲ್ಲಿದೆ ಎಂದು ಹೇಗೋ ಗೊತ್ತಾಯಿತು. ಒಂದು ಸಂಜೆ ತಲೆಗೆ ಬಟ್ಟೆ ಹೊದ್ದು ನಮ್ಮ ಜಗಲಿಗೆ ಬಂದು ಕೂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಹೆಸರು ಓದುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಹೋಗುವಾಗ ಅಜ್ಜಿಯ ಕೈ ಹಿಡಿದುಕೊಂಡು, “ನಿಮ್ಮ ಹುಡುಗನಿಗೂ ನಾನು ಕೇಳಿಕೊಳ್ಳುತ್ತೇನೆ ಅಮ್ಮಾ” ಅಂದರು. ಅಜ್ಜಿ, “ಅದಕ್ಕೇ ಅಲ್ವಾ ನಾವು ಬದುಕಿರುವುದು” ಅಂದರು. ಆಮೇಲೆ ಅವರು ಆಗಾಗ ಬರುತ್ತಿದ್ದರು.

ಅಜ್ಜಿಗೆ ಆಗ ಎಂಬತ್ತರ ಹತ್ತಿರ. ಅವರು ಎಳೆಯ ಕೂಸಾಗಿದ್ದಾಗ ಮೊದಲ ಮಹಾಯುದ್ಧ. 1914ರಲ್ಲಿ ಯುದ್ಧ ಶುರುವಾದ ಮೇಲೆ ಇಲ್ಲಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಶತ್ರು ದೇಶದವರೆಂದು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಸಾಗಿಸಿತು. ಕಾರ್ಖಾನೆಗಳು ಸರಕಾರದ ಉಸ್ತುವಾರಿಗೆ ಹೋದವು, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ನಮ್ಮವರಿಗೆ ಕೆಲಸ ಕೊಟ್ಟವರು, ಮದುವೆ ಮಾಡಿಸಿದವರು, ಸತ್ತರೆ ಮಣ್ಣುಕೊಟ್ಟವರು ಎಲ್ಲ ಅವರೇ. ಅವರೇ ಹೋದ ಮೇಲೆ ನಮಗಿನ್ನು ಯಾರು ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಕೂತು ಅತ್ತದ್ದನ್ನು ಅಜ್ಜಿಯ ತಾಯಿ ಕಣ್ಣಾರೆ ಕಂಡವರು. ಅಜ್ಜಿ ಅದನ್ನು ಹೇಳಿ ಕೊನೆಗೆ ಸೇರಿಸುತ್ತಿದ್ದ ಮಾತು ಒಂದೇ: “ದೊರೆಗಳು ಹೋದರು. ಮರುದಿನ ಬೆಳಿಗ್ಗೆ ಗಂಟೆ ಹೊಡೆಯಬೇಕಲ್ಲ? ನಮ್ಮ ಉಪದೇಶಿಗಳೇ ಹೊಡೆದರು.” ಇಲ್ಲಿನ ಸಭಾಪಾಲಕರೂ ಉಪದೇಶಿಗಳೂ ಶಾಲೆಯ ಮಾಸ್ತರರೂ ಸೇರಿ ಸಭೆಗಳನ್ನು ನಡೆಸಿಕೊಂಡು ಬಂದದ್ದು ನಮ್ಮ ಚರಿತ್ರೆಯಲ್ಲಿ ದೊಡ್ಡ ಸಂಗತಿ. ಅದನ್ನು ನಾವು ಮಿಷನರಿಗಳ ಚರಿತ್ರೆಯ ಕೊನೆಯಲ್ಲಿ ಒಂದು ಸಾಲಾಗಿ ಬರೆದು ಬಿಟ್ಟಿದ್ದೇವೆ, ಅದು ನನಗೆ ಬೇಸರ.

ನಮ್ಮ ಮನೆಯ ಸರದಿ ಬಂದ ಸಂಜೆಗೆ ಬರುತ್ತೇನೆ.

ಹೊಸ ವರ್ಷದ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಚೀಟಿ ಎತ್ತುವ ಕ್ರಮ ನಮ್ಮಲ್ಲಿ ಇನ್ನೂ ಉಂಟು. ತಟ್ಟೆಯಲ್ಲಿ ಬೋರಲಾಗಿ ಇಟ್ಟ ಸಣ್ಣ ಸಣ್ಣ ಕಾರ್ಡುಗಳು, ಒಂದೊಂದರಲ್ಲಿ ಒಂದು ವಚನ. ಮನೆಯಲ್ಲಿ ಇಲ್ಲದವರ ಹೆಸರಿನಲ್ಲಿ ಮನೆಯವರು ಎತ್ತಿ ಕಾಗದದಲ್ಲಿಟ್ಟು ಕಳಿಸುವುದು. ಆ ವರ್ಷ ಮಾವನ ಹೆಸರಿನಲ್ಲಿ ಅತ್ತೆ ಎತ್ತಿದ ಚೀಟಿಯಲ್ಲಿ ಬಂದದ್ದು ಯೆರೆಮೀಯ 29ನೆಯ ಅಧ್ಯಾಯದ 11ನೆಯ ವಚನ. ಅದನ್ನು ಎಲ್ಲರೂ ಬಲ್ಲರು. ಮದುವೆ ಕಾಗದದಲ್ಲಿ, ಕ್ಯಾಲೆಂಡರಿನಲ್ಲಿ, ಆಟೋರಿಕ್ಷಾದ ಹಿಂದೆ ಎಲ್ಲೆಲ್ಲೂ ಕಾಣುವ ವಚನ ಅದು. ಒಳ್ಳೆಯದಾಗುತ್ತದೆ ಎಂಬ ದೇವರ ಮಾತು. ಅತ್ತೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆ ಸಂಜೆ ಅಯ್ಯನವರಿಗೆ, “ಇವರಿಗೆ ಸಿಕ್ಕಿದ ವಾಕ್ಯ ಓದಿ ಅಯ್ಯನವರೇ” ಅಂದರು.

ಅಯ್ಯನವರು ಸತ್ಯವೇದ ಬಿಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲಿನಿಂದ ಓದುವ ಅಮ್ಮಾ” ಅಂದರು.

ಅಧ್ಯಾಯವನ್ನು ಮೊದಲಿನಿಂದ ಓದಿದವರಿಗೆ ಗೊತ್ತು, ಅದು ಒಂದು ಕಾಗದ. ಯೆರೂಸಲೇಮಿನಿಂದ ಪ್ರವಾದಿ ಯೆರೆಮೀಯ ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ. ಇನ್ನೇನು ನಾಳೆ ನಾಡಿದ್ದು ಬಿಡುಗಡೆಯಾಗುತ್ತದೆ ಎಂದು ಹೇಳುವ ಸುಳ್ಳು ಪ್ರವಾದಿಗಳ ಮಾತು ಕೇಳಬೇಡಿ ಎನ್ನುವ ಕಾಗದ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವು ಸೆರೆಯಿರುವ ಪಟ್ಟಣದ ಒಳಿತಿಗೂ ಪ್ರಾರ್ಥಿಸಿ ಎನ್ನುವ ಕಾಗದ. ಎಪ್ಪತ್ತು ವರ್ಷ ಆಗುತ್ತದೆ ಎಂದೂ ಅದರಲ್ಲೇ ಇದೆ. ಎಪ್ಪತ್ತು ವರ್ಷ ಅಂದರೆ ಆ ಕಾಗದ ಓದಿದ ಹಿರಿಯರಲ್ಲಿ ಬಹುಮಂದಿ ಊರಿಗೆ ಮರಳಿ ಬರುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಬರುತ್ತದೆ ಆ 11ನೆಯ ವಚನ.

ನಮ್ಮ ಹಾಲಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಬಾಬೆಲ್ ಅಂದರೆ ಇರಾಕ್. ಬಾಗ್ದಾದಿನಿಂದ ದಕ್ಷಿಣಕ್ಕೆ, ಹಿಲ್ಲಾ ಪಟ್ಟಣದ ಹತ್ತಿರ ಅದರ ಅವಶೇಷ ಇವತ್ತಿಗೂ ಇದೆ. ಮಕ್ಕಳಾಗಿ ನಾವು ಭೂಪಟದಲ್ಲಿ ನೋಡಿದ್ದೆವು, ಆದರೆ ಸತ್ಯವೇದದ ಆ ಊರಿಗೂ ವಾರ್ತೆಯಲ್ಲಿ ಬರುವ ಈ ಊರಿಗೂ ನಂಟು ಹೊಳೆದದ್ದು ಆ ಸಂಜೆಯೇ. ಅಯ್ಯನವರು ಸತ್ಯವೇದ ಮಡಚಿ ಹೇಳಿದರು: “ಅವರು ಬೇಗ ಬರುತ್ತಾರೆ ಅಂತ ನಾನು ಹೇಳುವುದಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳಿದರೆ ನಾನು ಈ ಅಧ್ಯಾಯದಲ್ಲಿ ಬರುವ ಆ ಬೇರೆ ಪ್ರವಾದಿಗಳ ಸಾಲಿಗೆ ಸೇರುತ್ತೇನೆ. ಅಲ್ಲಿ ದೇವರಿದ್ದಾನೆ ಅಂತ ಮಾತ್ರ ಹೇಳಬಲ್ಲೆ. ನಾವು ಇಲ್ಲಿದ್ದೇವೆ. ಅಷ್ಟು.”

ಅತ್ತೆ ಅವತ್ತು ಮೊದಲ ಬಾರಿ ಅತ್ತರು. ಬಹಳ ಹೊತ್ತು ಅತ್ತರು. ಹೆಂಗಸರು ಅವರನ್ನು ನಡುವೆ ಕೂರಿಸಿಕೊಂಡರು. ಅಯ್ಯನವರು ಕಟುವಾಗಿ ಮಾತಾಡಿದರು ಎಂದು ಆಮೇಲೆ ಕೆಲವರು ಹೇಳಿದ್ದುಂಟು. ಅತ್ತೆ ಹಾಗೆ ಹೇಳಲಿಲ್ಲ. ಆ ರಾತ್ರಿ ಅವರು ಹೊಟ್ಟೆ ತುಂಬ ಗಂಜಿ ಉಂಡು ಮಲಗಿದರು ಎಂದು ಅಮ್ಮ ಬಹಳ ವರ್ಷ ನೆನೆಯುತ್ತಿದ್ದರು.

ಈಗ ಟೀವಿಯಲ್ಲಿ, ಮೊಬೈಲಿನಲ್ಲಿ ಬೋಧಿಸುವ ಹಲವರು ನಂಬಿದವನಿಗೆ ಕೇಡೇ ಬರುವುದಿಲ್ಲ, ನಂಬಿಕೆ ಕಡಿಮೆಯಾದವನಿಗೇ ಕಷ್ಟ ಎಂದು ಹೇಳುವುದನ್ನು ಕೇಳುತ್ತೇನೆ. ಆ ಮಾತಿಗೆ ನನ್ನ ವಿರೋಧವಿದೆ. ಆ ಮಳೆಗಾಲದಲ್ಲಿ ಒಂದು ಸಂಜೆ 91ನೆಯ ಕೀರ್ತನೆ ಓದಿದ ಮೇಲೆ ಅತ್ತೆ ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿದೆ: “ಅಲ್ಲಿ ಗುಂಡಿಗೆ ಸತ್ತವರ ಮನೆಯಲ್ಲೂ ಪ್ರಾರ್ಥನೆ ಮಾಡಿರಲಿಕ್ಕಿಲ್ಲವಾ?” ಮಾಡಿರುತ್ತಾರೆ ಎಂದೇ ಎಲ್ಲರಿಗೂ ಗೊತ್ತಿತ್ತು. ಆ ಪ್ರಶ್ನೆಗೆ ಜಾಗ ಕೊಡದ ಭಕ್ತಿ ನಮ್ಮ ಹಿರಿಯರದ್ದಾಗಿರಲಿಲ್ಲ. ಅದಾದ ಮರುದಿನ ಓದಿದ್ದು 13ನೆಯ ಕೀರ್ತನೆ. ಇನ್ನೂ ಎಷ್ಟು ಕಾಲ ಎಂದು ದೇವರನ್ನೇ ನಿಲ್ಲಿಸಿ ಕೇಳುವ ಕೀರ್ತನೆ. ಅದೂ ಸತ್ಯವೇದದಲ್ಲೇ ಇದೆ, ಅದನ್ನೂ ಪ್ರಾರ್ಥನೆ ಎಂದೇ ಕರೆದಿದ್ದಾರೆ.

ಆಗಸ್ಟ್ ನಡುವಿನಿಂದ ಸುದ್ದಿ ಬರತೊಡಗಿತು. ವಿದೇಶಾಂಗ ಮಂತ್ರಿ ಐ. ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನನ್ನು ಕಂಡು ಬಂದರು. ಕುವೈತಿನಲ್ಲಿ ಟೊಯೊಟಾ ಸನ್ನಿ ಎಂದೇ ಹೆಸರಾದ ಮಾತುಣ್ಣಿ ಮ್ಯಾಥ್ಯೂಸ್, ಹರ್ಭಜನ್ ಸಿಂಗ್ ವೇದಿ ಮೊದಲಾದವರು ಸೇರಿ ಭಾರತೀಯರಿಗೆ ಊಟ, ವಸತಿ, ಬಸ್ಸು ಹೊಂದಿಸುತ್ತಿದ್ದರು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡನ್ ಗಡಿಗೆ ರಸ್ತೆಯಲ್ಲಿ ಬರಬೇಕು, ಅಲ್ಲಿಂದ ಅಮ್ಮಾನಿಗೆ, ಅಮ್ಮಾನಿನಿಂದ ಬೊಂಬಾಯಿಗೆ ಏರ್ ಇಂಡಿಯಾ ವಿಮಾನ. ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 488 ಹಾರಾಟಗಳಲ್ಲಿ 1,11,000ಕ್ಕೂ ಹೆಚ್ಚು ಜನರನ್ನು ಕರೆತಂದರು. ಒಂದು ನಾಗರಿಕ ವಿಮಾನ ಸಂಸ್ಥೆ ಅಷ್ಟು ಜನರನ್ನು ಹೀಗೆ ತೆರವುಗೊಳಿಸಿದ್ದು ಗಿನ್ನೆಸ್ ದಾಖಲೆ. ಇವೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಟೀಚರಮ್ಮನ ಪುಸ್ತಕದಲ್ಲಿ ಎಷ್ಟು ಹೆಸರಿನ ಮುಂದೆ ಪೆನ್ಸಿಲಿನ ಬರಹ ಬಿದ್ದಿದೆ ಎಂಬುದು ಮಾತ್ರ.

ಮೊದಲ ಬರಹ ಬಿದ್ದದ್ದು ಬ್ಯಾರಿ ಮನೆಯ ಹಿರಿಯ ಮಗನ ಮುಂದೆ. ಅವನು ಬೊಂಬಾಯಿಗೆ ಬಂದು ಟೆಲಿಗ್ರಾಂ ಕೊಟ್ಟಿದ್ದ. ತಾಯಿ ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಓಡಿ ಬಂದು ಟೀಚರಮ್ಮನ ಕೈಗೇ ಕೊಟ್ಟರು. ಆ ಸಂಜೆ ಕೂಟದಲ್ಲಿ ನಾವು ಸ್ತೋತ್ರ ಹಾಡಿದೆವು. ನಮ್ಮವರಲ್ಲಿ ಒಬ್ಬರ ಸುದ್ದಿಯೂ ಬಂದಿರಲಿಲ್ಲ, ಆದರೂ ಪೂರ್ತಿ ದನಿಯಲ್ಲಿ ಹಾಡಿದರು. ನಮ್ಮ ಸಭೆಯ ಬಗ್ಗೆ ನನಗೆ ಹೆಮ್ಮೆಯೆನಿಸುವ ಸಂಜೆ ಅದು.

ಮಾವನ ಸುದ್ದಿ ತಂದದ್ದು ಅಂಚೆಯವರು. ಮುಂಚೆ ಹೊರಟ ಒಬ್ಬ ಮಲಯಾಳಿ ಕೆಲಸಗಾರರು ಗ್ಯಾರೇಜಿನವರೆಲ್ಲರ ಚೀಟಿಗಳನ್ನು ಒಟ್ಟುಮಾಡಿ ತಂದು, ತನ್ನ ಊರು ಮುಟ್ಟುವ ಮೊದಲು ಬೊಂಬಾಯಿಯಲ್ಲೇ ಅಂಚೆಗೆ ಹಾಕಿದ್ದರು. ಸಿಗರೇಟು ಪ್ಯಾಕಿನ ಒಳಮೈಯ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಸಾಲು. ಜೀವದಿಂದ ಇದ್ದೇನೆ, ಬಸ್ಸಿಗೆ ಹೆಸರು ಕೊಟ್ಟಿದ್ದೇನೆ, ಹಣ ಇಲ್ಲ, ಮಕ್ಕಳಿಗೆ ಶಾಲೆ ತಪ್ಪಿಸಬೇಡ. ಅಷ್ಟೇ. ಆ ಮಲಯಾಳಿಯ ಹೆಸರೂ ನಮಗೆ ತಿಳಿಯಲಿಲ್ಲ. ಟೀಚರಮ್ಮ ಮಾತ್ರ ತನ್ನ ಪುಸ್ತಕದಲ್ಲಿ ‘ಕಾಗದ ತಂದವರು’ ಎಂದು ಒಂದು ಸಾಲು ಬರೆದು ಆಮೇಲಿನ ಪ್ರತಿ ಸಂಜೆಯೂ ಅದನ್ನು ಓದಿದರು.

ಮಾವ ಬಂದು ಮುಟ್ಟಿದ್ದು ಸೆಪ್ಟೆಂಬರ್ ಕೊನೆಗೆ. ಕೊಂಕಣ ರೈಲು ಆಗ ಇನ್ನೂ ಇರಲಿಲ್ಲ, ಬೊಂಬಾಯಿಯಿಂದ ಬಸ್ಸು. ಹೋಗುವಾಗ ಎರಡು ಸೂಟ್‌ಕೇಸು ಒಯ್ದವರು ಬರುವಾಗ ಕೈಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ನೀರಿನ ಕ್ಯಾನು, ಹೆಗಲಲ್ಲಿ ಒಂದು ಚೀಲ. ಮುಖವೆಲ್ಲ ಸುಟ್ಟು ಸಿಪ್ಪೆ ಎದ್ದಿತ್ತು. ಜೋರ್ಡನ್ ಗಡಿಯ ರುವೈಶಿದ್ ಹತ್ತಿರ ಮರುಭೂಮಿಯ ಡೇರೆಗಳಲ್ಲಿ ಸಾವಿರಗಟ್ಟಲೆ ಜನ, ನೀರಿಗೆ ಸಾಲು, ರೊಟ್ಟಿಗೆ ಸಾಲು. ಹಗಲು ಬೆಂಕಿ, ರಾತ್ರಿ ಚಳಿ. ತನ್ನ ಪಾಲಿನ ನೀರನ್ನು ಬಾಣಂತಿಗೆ ಕೊಟ್ಟ ಈಜಿಪ್ಟಿನವನ ಬಗ್ಗೆ ಮಾವ ಹೇಳುತ್ತಿದ್ದರು, ಬೇರೆ ಹೆಚ್ಚು ಮಾತಾಡುತ್ತಿರಲಿಲ್ಲ.

ಒಂದು ಸಂಗತಿ ಮಾತ್ರ ಅವರು ತಾವಾಗಿ ಹೇಳಿದ್ದು. ಬಸ್ರಾದಿಂದ ಬಾಗ್ದಾದಿಗೆ ಬರುವಾಗ ನಾಸಿರಿಯಾ ಸಿಗುತ್ತದೆ. ಅಲ್ಲಿ ಬಸ್ಸು ನಿಂತಾಗ ಚಾಲಕ ದೂರಕ್ಕೆ ಕೈ ತೋರಿಸಿ ಇಬ್ರಾಹೀಮ್ ನಬಿಯ ಊರು ಅಂದನಂತೆ. ಊರ್ ಎಂಬ ಆ ಪ್ರಾಚೀನ ಪಟ್ಟಣ ಇರುವುದು ಅಲ್ಲೇ. ಬಸ್ಸಿನಲ್ಲಿದ್ದ ಮುಸ್ಲಿಮರು, ಕ್ರೈಸ್ತರು ಎಲ್ಲ ಕಿಟಕಿಯ ಕಡೆಗೆ ಬಾಗಿದರು. ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯದೆ ದೇವರ ಮಾತಿಗೆ ಹೊರಟ ಅಬ್ರಹಾಮ ಮನೆ ಬಿಟ್ಟದ್ದು ಆ ಊರಿನಿಂದ. ಮಾವ ಹೇಳಿದರು, “ಭಾನುವಾರ ಶಾಲೆಯಲ್ಲಿ ಎಷ್ಟು ಸಲ ಕೇಳಿದ ಕಥೆ. ಅವನಿಗೆ ಹೆದರಿಕೆ ಆಗಿತ್ತು ಅಂತ ನನಗೆ ಅವತ್ತೇ ಹೊಳೆದದ್ದು. ಹೆದರಿಕೆ ಇಟ್ಟುಕೊಂಡೇ ಹೊರಟಿದ್ದಾನೆ.” ಅವರು ಓದಿದ್ದು ಎಂಟನೆಯ ಕ್ಲಾಸು. ಅಬ್ರಹಾಮನ ಮೇಲೆ ನಾನು ಕೇಳಿದ ಪ್ರಸಂಗಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಎಲ್ಲರ ಮನೆಯಲ್ಲೂ ಹೀಗಾಗಲಿಲ್ಲ. ಕಂಪೌಂಡಿನ ಕೊನೆಯ ಮನೆಯ ಅಜ್ಜಿಗೆ ಒಬ್ಬನೇ ಮಗ. ಎದೆಯ ಕಾಯಿಲೆಯಿಂದ ಮೊದಲೇ ಸೋತಿದ್ದವರು, ಆ ಮಳೆಗಾಲ ಅವರನ್ನು ಹಾಸಿಗೆಗೆ ಹಾಕಿತು. ಕೂಟವನ್ನು ಅವರ ಮನೆಯಲ್ಲೇ ಹೆಚ್ಚು ಇಡುತ್ತಿದ್ದೆವು. ಮಗ ಬೊಂಬಾಯಿಗೆ ಬಂದ ಸುದ್ದಿ ಸಿಕ್ಕಿತು. ಅವನು ಮಂಗಳೂರು ಮುಟ್ಟುವುದರೊಳಗೆ ಅವರು ತೀರಿಕೊಂಡರು. ಸುದ್ದಿ ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಖಚಿತವಾಗಿ ಹೇಳುವವರಿಲ್ಲ. ಅವನು ಬಸ್ಸಿಳಿದು ಬಂದದ್ದು ಮಣ್ಣಾದ ಮೇಲೆ. ಸ್ಮಶಾನದ ಒದ್ದೆ ಕೆಂಪು ಮಣ್ಣಿನ ಹತ್ತಿರ ಅವನು ನಿಂತಿದ್ದಾಗ ಅಯ್ಯನವರು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರು. ದೇವರ ಚಿತ್ತ ಎಂದು ಅವರು ಹೇಳಲಿಲ್ಲ, ನಾನು ಹತ್ತಿರವೇ ಇದ್ದೆ. ಆ ವಾರವಿಡೀ ಒಂದೊಂದು ಮನೆಯಿಂದ ಅವನಿಗೆ ಗಂಜಿ, ಚಟ್ನಿ, ಒಣಮೀನು ಹೋಯಿತು. ರಾತ್ರಿ ಅವನ ಜಗಲಿಯಲ್ಲಿ ಇಬ್ಬರು ಮೂವರು ಗಂಡಸರು ಮಲಗುತ್ತಿದ್ದರು. ಅವನು ಆಮೇಲೆ ಸಭೆಯ ಹಿರಿಯನಾಗಿ ಬಹಳ ವರ್ಷ ದುಡಿದ. ಅವನ ನಂಬಿಕೆ ಎಂದರೆ ನನಗೆ ಬಹಳ ಗೌರವ, ಏಕೆಂದರೆ ಅವನು ಕೇಳಿಕೊಂಡದ್ದು ಅವನಿಗೆ ಸಿಕ್ಕಿರಲಿಲ್ಲ.

ಬಂದ ಮೇಲೂ ಕಷ್ಟ ಮುಗಿಯಲಿಲ್ಲ. ಇರಾಕಿನವರು ಕುವೈತಿ ದಿನಾರನ್ನು ತಮ್ಮ ದಿನಾರಿಗೆ ಸಮವೆಂದು ಸಾರಿದಾಗ ಹತ್ತು ಹದಿನೈದು ವರ್ಷದ ಉಳಿತಾಯ ಕೈಯಲ್ಲೇ ಕಾಗದವಾಯಿತು. ಬ್ಯಾಂಕಿನಲ್ಲಿದ್ದದ್ದು ಅಲ್ಲೇ ಉಳಿಯಿತು. ವಿಶ್ವಸಂಸ್ಥೆಯ ಪರಿಹಾರ ಆಯೋಗದ ಹಣ ಬಂದದ್ದು ವರ್ಷಗಳ ನಂತರ. ಅಷ್ಟರವರೆಗೆ ಅತ್ತೆಯ ಕರಿಮಣಿಯಲ್ಲಿದ್ದ ಬಂಗಾರವೂ ಅಡವಿಗೆ ಹೋಗಿ ಬಂತು, ಪುನಃ ಹೋಯಿತು. ಯುದ್ಧ ಮುಗಿದು ಕುವೈತ್ ಬಿಡುಗಡೆಯಾದ ಮೇಲೆ ಕೆಲವರು ಮರಳಿ ಹೋದರು. ಮಾವ ಹೋಗಲಿಲ್ಲ. ಇಲ್ಲೇ ಒಂದು ಸಣ್ಣ ವರ್ಕ್‌ಶಾಪು ಹಾಕಿ ಕೊನೆಯವರೆಗೂ ಲಾರಿಗಳ ಕೆಳಗೆ ಮಲಗಿ ದುಡಿದರು.

ಆ ವರ್ಷದ ಬೆಳೆ ಹಬ್ಬವನ್ನು ಮರೆಯಲಿಕ್ಕಿಲ್ಲ. ನಮ್ಮ ಬೆಳೆ ಹಬ್ಬ ಗೊತ್ತಲ್ಲ. ಮೊದಲ ಫಲವನ್ನು ತಂದು ವೇದಿಕೆಯ ಮುಂದೆ ಇಡುವುದು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ತೆಂಗಿನಕಾಯಿ, ಸೌತೆ, ಕುಂಬಳ, ಬಾಳೆಗೊನೆ, ಕಾಲು ಕಟ್ಟಿದ ಹೇಂಟೆ. ಮಾವನ ಹತ್ತಿರ ಕೊಡುವುದಕ್ಕೆ ಏನೂ ಇರಲಿಲ್ಲ. ಆ ನೀಲಿ ಕ್ಯಾನು ತೊಳೆದು, ನೀರು ತುಂಬಿಸಿ ತಂದು ಸೌತೆಕಾಯಿಗಳ ನಡುವೆ ಇಟ್ಟರು. ಹರಾಜಿನಲ್ಲಿ ಅದರ ಸರದಿ ಬಂದಾಗ ಕೂಗು ಏರುತ್ತಲೇ ಹೋಯಿತು. ಆ ಹಣಕ್ಕೆ ಅಂಥ ಹತ್ತು ಕ್ಯಾನು ಬರುತ್ತಿತ್ತು. ಕೊಂಡವರು ಅದನ್ನು ಮನೆಗೆ ಒಯ್ಯಲಿಲ್ಲ, ದೇವಾಲಯದ ಜಗಲಿಯಲ್ಲೇ ಕುಡಿಯುವ ನೀರಿಗೆಂದು ಬಿಟ್ಟರು. ತಳ ಒಡೆಯುವವರೆಗೂ ನಾವು ಹುಡುಗರು ಆಟ ಆಡಿ ಬಂದು ಅದರಿಂದಲೇ ನೀರು ಕುಡಿದದ್ದು.

2020ರಲ್ಲಿ ಕೊರೊನಾ ಬಂದು ದೇವಾಲಯದ ಬಾಗಿಲು ಮುಚ್ಚಿದಾಗ, ನಮ್ಮ ಮಕ್ಕಳು ದುಬೈ, ದೋಹಾಗಳಲ್ಲಿ ಸಿಕ್ಕಿಕೊಂಡು ವಿಮಾನಕ್ಕೆ ಕಾಯುತ್ತಿದ್ದಾಗ, ನನಗೆ ಆ ನೋಟ್ ಬುಕ್ಕು ಬಹಳ ನೆನಪಾಯಿತು. ಮೊಬೈಲಿನಲ್ಲಿ ಅವರ ಮುಖ ದಿನಾ ಕಾಣುತ್ತಿತ್ತು, ಆ ಅನುಕೂಲ ಅತ್ತೆಗಿರಲಿಲ್ಲ. ಆದರೆ ಸಂಜೆ ಏಳಕ್ಕೆ ಕೊಡೆ ಹಿಡಿದು ಬಾಗಿಲಿಗೆ ಬರುವವರು ಯಾರೂ ಇರಲಿಲ್ಲ, ಬರುವ ಹಾಗೂ ಇರಲಿಲ್ಲ. ಆಗ ಕೆಲವರು ಸೇರಿ ವಾಟ್ಸಾಪಿನಲ್ಲಿ ದಿನಾ ಹೆಸರು ಓದುವ ಕ್ರಮ ಶುರುಮಾಡಿದೆವು. ಅಕ್ಕಪಕ್ಕದ ಮನೆಯವರ ಹೆಸರನ್ನೂ ಸೇರಿಸಿದೆವು. ಟೀಚರಮ್ಮನಿಂದ ಕಲಿತದ್ದು ಅದು.

ಟೀಚರಮ್ಮ ಈಗಿಲ್ಲ, ಅಯ್ಯನವರೂ ಅಜ್ಜಿಯೂ ಇಲ್ಲ, ಮಾವ ತೀರಿಕೊಂಡು ಕೆಲವು ವರ್ಷಗಳಾದವು. ನೀಲಿ ರಟ್ಟಿನ ಆ ಪುಸ್ತಕ ಯಾರ ಮನೆಯಲ್ಲಿದೆಯೋ ವಿಚಾರಿಸುತ್ತಿದ್ದೇನೆ. ಆ ಬಸ್ಸುಗಳಲ್ಲಿ, ಆ ಡೇರೆಗಳಲ್ಲಿ ದಿನ ಕಳೆದವರಲ್ಲಿ ಬದುಕಿರುವವರಿಗೆ ಈಗ ಅರವತ್ತು, ಎಪ್ಪತ್ತು, ಎಂಬತ್ತು. ಸಭೆಯ ದಾಖಲೆಯಲ್ಲಿ ದೀಕ್ಷಾಸ್ನಾನ, ಮದುವೆ, ಮರಣ ಎಲ್ಲ ಇದೆ. ಈ ಮೂರು ತಿಂಗಳ ಕಥೆ ಎಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ, ಅವರು ಯಾವ ಧರ್ಮದವರೇ ಆಗಿರಲಿ, 1990ರಲ್ಲಿ ಕುವೈತಿನಿಂದ ಬಂದವರಿದ್ದರೆ ಈ ಭಾನುವಾರವೇ ಹೋಗಿ ಹತ್ತಿರ ಕೂತು ಕೇಳಿ. ಅವರಿಗೋಸ್ಕರ ಕಾದ ಹೆಂಗಸರು ಬದುಕಿದ್ದರೆ ಅವರನ್ನು ಮೊದಲು ಕೇಳಿ. ಹೇಳಿದ್ದನ್ನು ಬರೆದಿಡಿ, ಒಂದು ಪ್ರತಿ ನಿಮ್ಮ ಸಭಾಪಾಲಕರ ಕೈಗೆ ಕೊಡಿ.